ಚೈನ್ ಬಿಗಿ ಮಾಡಿದ ಮೆಕ್ಯಾನಿಕ್

ಗೆಳೆಯರೇ, ಲಡಾಖ್ ಪ್ರಯಾಣದ ಮೊದಲ ವರದಿಯನ್ನು ಹರಿಹರದಿಂದ ಬರೆಯುತ್ತಿದ್ದೇನೆ. ಹೌದು, ನಮ್ಮ ದಾವಣಗೆರೆ ಪಕ್ಕದ ಹರಿಹರವೇ. ನಗಬೇಡಿ.

ದಾರಿಯುದ್ದಕ್ಕೂ ಬೈಕ್ ರಿಪೇರಿ ನನ್ನದೇ ಎಂದು ನಿನ್ನೆಯ ಪೋಸ್ಟಿನಲ್ಲಿ ಕೊಚ್ಚಿಕೊಂಡಿದ್ದೆನಲ್ಲ? ಆ ಹುಮ್ಮಸ್ಸಿನಲ್ಲೇ ಬೆಳಿಗ್ಗೆ ವಿಡಿಯೊ ನೋಡಿಕೊಂಡು, ಪಾನಾ ಹಿಡಿದು ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚೈನ್ ಬಿಗಿ ಮಾಡಿ ಹೊರಟೆ. ಹರಿಹರದ ಹೊಳೆ ದಾಟುವ ಮೊದಲೇ ಬೈಕ್ ಹಳೇ ಗಾಣದಂತೆ ನರಳತೊಡಗಿತು. ರಸ್ತೆ ಬದಿಯ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ.

ವಯಸ್ಸಾದ ಮೇಸ್ತ್ರಿ ಚೈನನ್ನು ಬೆರಳಿನಿಂದ ಒತ್ತಿ ನೋಡಿದರು.

"ಯಾವನ್ರೀ ಇದನ್ನ ಬಿಗಿ ಮಾಡಿದೋನು? ಒಂಚೂರೂ ಅಲ್ಲಾಡಂಗಿಲ್ಲ!"

"ದಾವಣಗೆರ್ಯಾಗ ಒಬ್ಬ ಮೆಕ್ಯಾನಿಕ್" ಎಂದೆ. ಬಾಯಿಗೆ ಬಂದ ಸುಳ್ಳು.

"ಚಕ್ರದ ನಟ್ಟಿಗೆ ಪಿನ್ನೂ ಹಾಕಿಲ್ಲ ಅವ್ನು. ನಟ್ಟು ಬಿಚ್ಕೊಂಡಿದ್ರೆ ಚಕ್ರ ಒಂದು ಕಡೆ, ನೀವೊಂದು ಕಡೆ. ಆ ಪಿನ್ ಎಲ್ಲಿ ಒಗದಾನೋ ಏನೋ!"

ಗಾಬರಿಯಲ್ಲಿ ಅಂಗಿ ಜೇಬಿಗೆ ಕೈಹಾಕಿ ಪಿನ್ ತೆಗೆದುಕೊಟ್ಟೆ. ಬೆಳಿಗ್ಗೆ ಅದು ಹೆಚ್ಚಾಗಿ ಉಳಿದ ಸಾಮಾನು ಅಂದುಕೊಂಡು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಮೇಸ್ತ್ರಿ ಪಿನ್ ನೋಡಿದರು, ನನ್ನ ಮುಖ ನೋಡಿದರು. ಚೈನ್ ಸರಿ ಮಾಡಿ, ಪಿನ್ ಹಾಕಿ, ಕೈ ಒರೆಸಿಕೊಳ್ಳುತ್ತಾ ಬಹಳ ಮರ್ಯಾದೆಯಿಂದ ಹೇಳಿದರು:

"ಆ ಮೆಕ್ಯಾನಿಕ್ ಸಿಕ್ರೆ ಹೇಳ್ರಿ ಸರ್, ಇನ್ನೊಮ್ಮೆ ಪಾನಾ ಮುಟ್ಟಬ್ಯಾಡ ಅಂತ."

ಹೇಳಿದ್ದೇನೆ. ಆದರೆ ಆಸಾಮಿ ಲಡಾಖ್‌ವರೆಗೂ ನನ್ನ ಜೊತೆಗೇ ಬರುತ್ತಿದ್ದಾನೆ.