ಚಿಕ್ಕಮ್ಮನ ತೂಕಕ್ಕೆ ಎಷ್ಟು ಬೆಂಡು

ಈಜು ಕಲಿಸುತ್ತೇವೆ ಅಂತ ನಿಮ್ಮ ಬೆನ್ನಿಗೂ ಯಾರಾದರೂ ಏನನ್ನಾದರೂ ಕಟ್ಟಿ ಬಾವಿಗೆ ತಳ್ಳಿದ್ದರಾ? ಸೋರೆಬುರುಡೆ, ಎಣ್ಣೆ ಡಬ್ಬ, ಲಾರಿ ಟ್ಯೂಬು, ಏನಾದರೂ ಸರಿ. ಅದು ನಿಮ್ಮ ತೂಕಕ್ಕೆ ಸರಿಹೋಗುತ್ತಿತ್ತಾ, ಇಲ್ಲ ನಿಮ್ಮಣ್ಣನಿಗೆ ಕಟ್ಟಿದ್ದನ್ನೇ ನಿಮಗೂ ಕಟ್ಟಿ ಕೈ ತೊಳೆದುಕೊಂಡರಾ?

ನಮ್ಮ ಕಡೆ, ಅಂದರೆ ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರ, ಕಟ್ಟುತ್ತಿದ್ದದ್ದು ಕತ್ತಾಳೆ ಬೆಂಡು. ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ನಡುವೆ ಉದ್ದನೆಯ ಕಂಬವೊಂದು ನಿಂತಿರುತ್ತದಲ್ಲ, ಅದನ್ನು ಕಡಿದು, ಮೊಳದುದ್ದದ ತುಂಡು ಮಾಡಿ, ಹಗ್ಗದಲ್ಲಿ ಜೋಡಿಸಿ ಬೆನ್ನಿಗೆ ಬಿಗಿಯುವುದು. ಕೈಯಲ್ಲಿ ಹಿಡಿದರೆ ಏನೂ ಹಿಡಿದಂತಿರುವುದಿಲ್ಲ, ಅಷ್ಟು ಹಗುರ. ಯಾರಿಗೆ ಎಷ್ಟು ತುಂಡು ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ನಮ್ಮ ಅಜ್ಜಿ. ಚಿಕ್ಕ ವಯಸ್ಸಿನಿಂದ ಬಾವಿಯಲ್ಲಿ ಬಿದ್ದು ಎದ್ದವಳು. ನಮ್ಮ ಕಂಕುಳಿಗೆ ಕೈ ಹಾಕಿ ಒಂದು ಸಲ ಮೇಲೆತ್ತುತ್ತಿದ್ದಳು. ಕೆಳಗಿಳಿಸಿ "ಎರಡು" ಅನ್ನುತ್ತಿದ್ದಳು, ಇಲ್ಲ "ಮೂರು" ಅನ್ನುತ್ತಿದ್ದಳು. ಕಮ್ಮಿಯಾದರೆ ನೀರು ಕುಡಿಯುತ್ತೀರಿ. ಜಾಸ್ತಿಯಾದರೆ ಇನ್ನೂ ಕಷ್ಟ, ಬೆನ್ನು ಮೇಲೆದ್ದು ಮುಖ ನೀರೊಳಗೆ ಹೋಗುತ್ತದೆ.

ತೊಂಬತ್ತರ ದಶಕದ ನಡುವೆ, ನಾನು ಡಿಗ್ರಿ ಓದುತ್ತಿದ್ದಾಗ, ರಜಕ್ಕೆ ಅಲ್ಲಿಗೆ ಹೋಗಿದ್ದೆ. ಆ ವರ್ಷ ಬಾವಿ ತುಂಬಾ ನೀರು. ನನ್ನ ಚಿಕ್ಕಮ್ಮನಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಈಜು ಕಲಿಯಬೇಕು ಅಂತ ಹಟ ಹಿಡಿಯಿತು. ಅವಳು ಶ್ರೀನಿವಾಸಪುರದ ಪೇಟೆಯವಳು. ನೇರವಾಗಿ ಹೇಳಿಬಿಡುತ್ತೇನೆ, ದಪ್ಪ. ಅವಳ ಮಕ್ಕಳಿಬ್ಬರೂ ಆಗಲೇ ಮೇಲಿಂದ ಧುಮುಕುತ್ತಿದ್ದರು. ಇವಳು ಮಾತ್ರ ಮೆಟ್ಟಿಲ ಮೇಲೆ ಕೂತು ಬಟ್ಟೆ ಕಾಯಬೇಕು.

"ಅತ್ತೆ, ನಂಗೂ ಕಟ್ಟಿ," ಅಂದಳು ಒಂದು ದಿನ.

ಪಂಪ್ ಮನೆಯ ನೆರಳಲ್ಲಿ ಕೂತಿದ್ದ ಚಿಕ್ಕಪ್ಪ, "ನೀನಿಳಿದ್ರೆ ಬಾವಿ ನೀರೆಲ್ಲ ತೋಟಕ್ಕೆ ಬರುತ್ತೆ. ಕರೆಂಟ್ ಉಳೀತು ಬಿಡು," ಅಂದ. ಚಿಕ್ಕಮ್ಮ ನಗಲಿಲ್ಲ.

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಎತ್ತಿ ನೋಡುವ ಮಾತೇ ಇಲ್ಲ. "ನಿನ್ನ ತೂಕ ಗೊತ್ತಾಗ್ದೆ ನಾನು ಕಟ್ಟಲ್ಲ ಕಣೇ. ತೂಕ ಹಾಕಿಸ್ಕೊಂಡು ಬಾ. ಒಂದೇ ಸಲ ಇಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಮತ್ತೆ ಬಾವಿ ಮಾತು ಎತ್ತಕೂಡ್ದು."

ಅಜ್ಜಿ ಒಮ್ಮೆ ಅಂದರೆ ಮುಗಿಯಿತು, ಆ ಮನೆಯಲ್ಲಿ ಅದಕ್ಕೆ ಅಪೀಲಿಲ್ಲ. ಇರುವುದು ಒಂದೇ ಅವಕಾಶ ಅಂತ ಚಿಕ್ಕಮ್ಮನಿಗೂ ಗೊತ್ತಿತ್ತು.

ಮಾವಿನ ಕಾಲ. ಮಾರನೇ ದಿನ ಕಾಯಿ ತುಂಬಿದ ಟ್ರ್ಯಾಕ್ಟರಿನಲ್ಲಿ ಚಿಕ್ಕಪ್ಪನ ಜೊತೆ ಚಿಕ್ಕಮ್ಮನೂ ನಾನೂ ಶ್ರೀನಿವಾಸಪುರದ ಮಂಡಿಗೆ ಹೋದೆವು. ನಮ್ಮ ಕಾಯಿಯೆಲ್ಲ ತೂಗಿ ಮುಗಿದ ಮೇಲೆ ಚಿಕ್ಕಮ್ಮ ಸೆರಗು ಬಿಗಿದುಕೊಂಡು, ಚಪ್ಪಲಿ ಬಿಟ್ಟು, ತೂಕದ ಹಲಗೆ ಹತ್ತಿ ನಿಂತಳು. ಮಂಡಿಯವರೆಲ್ಲ ಕೆಲಸ ಬಿಟ್ಟು ನೋಡಿದರು.

"ಏಮ್ಮಾ, ಬಾದಾಮಿನಾ, ತೋತಾಪುರಿನಾ?" ಅಂದ ತೂಕದವನು.

"ಉಪ್ಪಿನಕಾಯಿದು. ನೋಡಿ ಹೇಳಪ್ಪ ಬೇಗ," ಅಂದಳು ಚಿಕ್ಕಮ್ಮ.

ಅವನು ತೂಕದ ಕಲ್ಲು ಸರಿಮಾಡಿ ಒಂದು ಸಂಖ್ಯೆ ಕೂಗಿದ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಚಿಕ್ಕಮ್ಮ ಇದನ್ನು ಓದುತ್ತಾಳೆ. ಅವಳು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇತ್ತು. ದಾರಿಯುದ್ದಕ್ಕೂ ಗಂಡನಿಗೆ ಅದನ್ನೇ ಹೇಳಿದಳು.

ಅಜ್ಜಿ ಆ ತೂಕಕ್ಕೆ ಲೆಕ್ಕ ಹಾಕಿ ನಾಲ್ಕು ತುಂಡು ಕಟ್ಟಿದಳು. ಗಂಡಸರು ತೋಟದಲ್ಲಿ ಕಾಯಿ ಕೀಳುವ ಹೊತ್ತು, ಬಾವಿಯ ಹತ್ತಿರ ನಾವು ನಾಲ್ವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಚಿಕ್ಕಮ್ಮನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಮೇಲೆ ಚಿಕ್ಕಪ್ಪನ ಕೈಯಲ್ಲಿ. ಅಜ್ಜಿ ಮತ್ತು ನಾನು ನೀರಿಗೆ ತಾಗುವ ಮೆಟ್ಟಿಲಲ್ಲಿ. ಚಿಕ್ಕಮ್ಮ ಎದೆಮಟ್ಟ ಇಳಿದು, ಕಣ್ಣು ಮುಚ್ಚಿ, ಕೈ ಬಿಟ್ಟಳು.

ಅಷ್ಟರಲ್ಲಿ ಅಜ್ಜಿ ಮೇಲೆ ನೋಡಿ, "ಲೇ, ತೂಕ ಎಲ್ಲಿ ಹಾಕಿಸಿದ್ಯೋ?" ಅಂದಳು.

"ಮಂಡೀಲಮ್ಮ."

"ಕಾಯಿ ತೂಗೋನ ಹತ್ರಾನಾ? ಅವ್ನು ಕಳೆದು ಹೇಳಿರ್ತಾನೆ ಕಣೋ."

ಚಿಕ್ಕಪ್ಪನ ಮುಖ ಬಿಳಿಚಿತು. ಬುಟ್ಟಿಯದ್ದು ಅಂತ ಒಂದಿಷ್ಟು, ಕೊಳೆತ ಕಾಯಿಯದ್ದು ಅಂತ ಒಂದಿಷ್ಟು ಕಳೆದೇ ತೂಕ ಕೂಗುವುದು ಅಲ್ಲಿಯ ರೂಢಿ. ವರ್ಷವೂ ಅದಕ್ಕೇ ಜಗಳವಾಡುತ್ತಿದ್ದವನು ಇವನೇ. ಹೆಂಡತಿಯನ್ನು ತೂಗಿಸಿದಾಗ ಮಾತ್ರ ನೆನಪಾಗಲಿಲ್ಲ. ತೂಕದವನದ್ದೂ ತಪ್ಪಲ್ಲ, ಬೆಳಗಿನಿಂದ ಕಳೆದು ಕಳೆದು ಬಾಯಿಗೆ ಅದೇ ಬಂದಿದೆ. ಅಂದರೆ ಚಿಕ್ಕಮ್ಮನ ಬೆನ್ನಿಗೆ ಒಂದು ತುಂಡಾದರೂ ಕಮ್ಮಿ ಬಿದ್ದಿದೆ.

ಅಜ್ಜಿ ಸೀರೆ ಕಚ್ಚೆ ಹಾಕಿ ನೀರಿಗೆ ಕಾಲಿಟ್ಟಳು. ಚಿಕ್ಕಪ್ಪ ಹಗ್ಗ ಜಗ್ಗಿದ.

"ಯಾಕ್ರೀ ಎಳೀತೀರಿ? ಬಿಡ್ರೀ," ಅಂತ ಬಾವಿಯ ನಡುವಿಂದ ದನಿ ಬಂತು.

ನೋಡಿದರೆ ಚಿಕ್ಕಮ್ಮ ತೇಲುತ್ತಿದ್ದಾಳೆ. ಗದ್ದ ನೀರಿನ ಮೇಲೆ, ಬೆನ್ನು ಸಮವಾಗಿ, ಮೂಗಿಗೆ ಒಂದು ಹನಿ ತಾಗಿಲ್ಲ. ಅಜ್ಜಿ ಮೊಣಕಾಲುದ್ದ ನೀರಲ್ಲಿ ಹಾಗೇ ನಿಂತಳು. ಅಲ್ಲಿಯವರೆಗೆ ಅವಳು ಕಲಿಸಿದ್ದೆಲ್ಲ ಕಡ್ಡಿಯಂಥ ಮಕ್ಕಳಿಗೆ. ಮೈತುಂಬಿಕೊಂಡ ಹೆಂಗಸು ಆ ಬಾವಿಗೆ ಇಳಿದಿದ್ದೇ ಅವತ್ತು. ಕೊಬ್ಬಿದ್ದವರನ್ನು ನೀರು ತಾನೇ ಎತ್ತುತ್ತದೆ, ಬರೀ ಮೂಳೆಯಿರುವವರೇ ಮುಳುಗುವುದು ಅನ್ನುವುದು ನನಗೆ ಗೊತ್ತಾಗಿದ್ದೂ ಅವತ್ತೇ. ಅಜ್ಜಿಯ ಲೆಕ್ಕದಂತೆ ಪೂರ್ತಿ ತೂಕಕ್ಕೆ ಕಟ್ಟಿದ್ದರೆ ಬೆನ್ನು ಮೇಲೆದ್ದು, ಮುಖ ಮುಳುಗಿ, ಹೆದರಿ ವಾಪಸ್ ಬಂದಿರುತ್ತಿದ್ದಳು. ಅಲ್ಲಿಗೆ ಬಾವಿ ಮಾತು ಮುಗಿಯುತ್ತಿತ್ತು.

"ಕಾಲು ಬಡಿಯೇ," ಅಂದಳು ಅಜ್ಜಿ ಮೆಲ್ಲಗೆ.

ಚಿಕ್ಕಮ್ಮ ಕಾಲು ಬಡಿದಳು. ನೇರ ಹೋಗಲಿಲ್ಲ, ಎತ್ತಿನಗಾಡಿ ತಿರುಗಿದ ಹಾಗೆ ಒಂದು ಸುತ್ತು ಬಳಸಿಕೊಂಡು ಎದುರಿನ ಕಲ್ಲುಗೋಡೆ ಮುಟ್ಟಿದಳು. ಅಲ್ಲಿ ಹಿಡಿದು ನಿಂತು ನಮ್ಮ ಕಡೆ ತಿರುಗಿದಾಗ ಅವಳ ಮುಖ ನೋಡಬೇಕಿತ್ತು ನೀವು.

"ಸಾಕು, ಬಾರೇ ಮೇಲಕ್ಕೆ. ಹೊಟ್ಟೆ ಹಸೀತಿದೆ," ಅಂದ ಚಿಕ್ಕಪ್ಪ.

"ಹಿಟ್ಟು ಡಬ್ಬದಲ್ಲಿದೆ. ಮುದ್ದೆಗೆ ಎಸರಿಡಿ ಹೋಗಿ, ನಾನಿನ್ನೊಂದು ಸಲ ಹೋಗ್ತೀನಿ," ಅಂದಳು ಚಿಕ್ಕಮ್ಮ. ಅಜ್ಜಿ ಮೆಟ್ಟಿಲು ಹತ್ತಿ ಹೋಗಿ, ಮಗನ ಕೈಯಿಂದ ಹಗ್ಗ ಈಸಿಕೊಂಡು, ಮನೆ ಕಡೆ ಕೈ ತೋರಿಸಿದಳು.

ನಿಮ್ಮೂರಲ್ಲಿ ಮದುವೆಯಾಗಿ ಮಕ್ಕಳಾದ ಮೇಲೆ ಬಾವಿಗಿಳಿದ ಹೆಂಗಸರು ಇದ್ದರಾ? ಅವರಿಗೆ ಯಾರು, ಏನು ಕಟ್ಟಿದರು, ಯಾರು ಬೇಡ ಅಂದರು? ಕೆಳಗೆ ಬರೆಯಿರಿ, ಉದ್ದವಾದರೂ ಪರವಾಗಿಲ್ಲ. ಚಿಕ್ಕಮ್ಮನಿಗೆ ಒಂದೊಂದನ್ನೂ ಓದಿ ಹೇಳುತ್ತೇನೆ.