ಜಯಮ್ಮನ ಮೆಷಿನ್ ಸೀಜ್ ಆಗಿರಲಿಲ್ಲ

ಜಯಮ್ಮ, ನೀನು ಆಯಿಲ್ ಹಾಕುವುದನ್ನು ಮರೆತಿರಲಿಲ್ಲ. ಸೊಪ್ಪು ಕೊಯ್ಯುವ ನಿನ್ನ ಕಟರ್ ಸೀಜ್ ಆಗಿ, ಎಂಜಿನ್ ಕಚ್ಚಿಕೊಂಡು ಕೆಟ್ಟಿರಲೂ ಇಲ್ಲ. ಸುಳ್ಳು ಹೇಳಿದವನು ನಾನು — ಮಾಗಡಿಯ ರಿಪೇರಿ ಅಂಗಡಿಯವನು.

ಆವತ್ತು ನೀನೂ ನಿನ್ನ ಗಂಡ ಶಿವಣ್ಣನೂ ನಿಮ್ಮೂರು ಕಲ್ಯದಿಂದ ಸೊಪ್ಪಿನ ಆಟೋದಲ್ಲಿ ಬಂದಿದ್ದಿರಿ. ಹಿಪ್ಪುನೇರಳೆ ಸೊಪ್ಪಿಗೆ ಆಯಿಲ್ ತಾಗಿದರೆ ಹುಳು ಕೆಡುತ್ತದೆಂದು ಮೆಷಿನನ್ನು ಆಟೋದ ಹೊರಗೆ ಕಂಬಿಗೆ ತಲೆಕೆಳಗಾಗಿ ಬಿಗಿದಿದ್ದಿರಿ. ರೇಷ್ಮೆ ಮನೆಯವರು ಯಾರಾದರೂ ಹಾಗೇ ಮಾಡಿಯಾರು. ನಾನು ಅದನ್ನು ನೋಡಿಯೂ ನೋಡಲಿಲ್ಲ. ಅಂಗಡಿ ತುಂಬ ಜನ, ತಲೆ ಕೆಟ್ಟಿತ್ತು. ಸ್ಟಾರ್ಟರ್ ಹಗ್ಗ ಎಳೆದೆ — ಅಲ್ಲಾಡಲಿಲ್ಲ. ಮುಚ್ಚಳ ತೆಗೆದೆ — ಆಯಿಲ್ ಇಲ್ಲವೇ ಇಲ್ಲ ಎನ್ನುವಷ್ಟು.

“ಅಣ್ಣ, ಮನೇಲಿ ಎಳುದ್ರೆ ಹಗ್ಗ ಬತ್ತಿತ್ತು. ಸ್ಟಾರ್ಟ್ ಆಯ್ತಿರ್ಲಿಲ್ಲ ಅಷ್ಟೆ” ಎಂದೆ ನೀನು.

ಆ ಒಂದು ಮಾತು ಸಾಕಿತ್ತು! ಮನೆಯಲ್ಲಿ ಬರುತ್ತಿದ್ದ ಹಗ್ಗ ದಾರಿಯಲ್ಲಿ ಯಾಕೆ ಬಿಗಿಯಿತು ಎಂದು ಕೇಳಿಕೊಳ್ಳಬೇಕಾದವನು — ದೊಡ್ಡ ಮೆಕ್ಯಾನಿಕ್ಕು ನಾನು — ಪ್ಲಗ್ ಬಿಚ್ಚುವ ಮೊದಲೇ ಹೇಳಿಬಿಟ್ಟೆ:

“ಆಯಿಲ್ ಇಲ್ದೆ ಓಡ್ಸಿದೀರ. ಎಂಜಿನ್ ಸೀಜ್.”

“ನಿನ್ ಕೈಗೆ ಮಿಷನ್ ಕೊಟ್ನಲ್ಲ, ನಂಗೆ ಬುದ್ಧಿ ಇಲ್ಲ” ಎಂದು ಶಿವಣ್ಣ ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದ. “ಹಾಕಿದ್ನಲ್ಲ...” ಎಂದವಳು ನೀನು ಅಲ್ಲಿಗೇ ನಿಲ್ಲಿಸಿದೆ.

ನೀವು ಹೋದ ಮೇಲೆ ಪ್ಲಗ್ ಬಿಚ್ಚಿ ಹಗ್ಗ ಎಳೆದೆ. ಆಯಿಲ್ ಚಿಮ್ಮಿ ಅಂಗಿಯೆಲ್ಲ ನೆನೆಯಿತು. ತಲೆಕೆಳಗಾಗಿ ಬಂದ ಮೆಷಿನ್ನಿನಲ್ಲಿ ಆಯಿಲ್ಲೆಲ್ಲ ಪಿಸ್ಟನ್ ಮೇಲೆ ಹೋಗಿ ನಿಂತು ಎಂಜಿನ್ ಬಿಗಿದಿತ್ತು, ಅಷ್ಟೇ. ಮನೆಯಲ್ಲಿ ಸ್ಟಾರ್ಟ್ ಆಗದಿದ್ದುದಕ್ಕೆ ಕಾರಣ ಬರೀ ಪ್ಲಗ್ಗಿನ ಮಸಿ. ಒರೆಸಿ, ಆಯಿಲ್ ತುಂಬಿ ಎಳೆದರೆ ಓಡಿತು. ನನಗೆ ಮೈಯೆಲ್ಲ ಉರಿಯಿತು, ನನ್ನ ಮೇಲೆಯೇ.

ಸಂಜೆ ಶಿವಣ್ಣ ಬಂದಾಗಲಾದರೂ ಹೇಳಬಹುದಿತ್ತು. “ಹೆಂಗೋ ಉಳುಸ್ದೆ. ಇನ್ಮೇಲಾದ್ರೂ ಆಯಿಲ್ ನೋಡ್ಕಳಿ” ಎಂದೆ. ಅವನು ಕೈಮುಗಿದ. ನಾನು ಆ ಮರ್ಯಾದೆಯನ್ನೂ ಇಟ್ಟುಕೊಂಡೆ.

ಅಲ್ಲಿಂದ ಆ ಕಟರ್ ನಿನ್ನ ಕೈಗೆ ಸಿಗಲಿಲ್ಲ. ತೋಟದ ಸಾಲನ್ನೆಲ್ಲ ಒಬ್ಬಳೇ ಕೊಯ್ಯುತ್ತಿದ್ದವಳು ನೀನು. ಈಗ ಕೊಯ್ಯುವವನು ಅವನು — ನೀನು ಹೊರೆ ಹೊರುತ್ತೀಯ. ಇಷ್ಟು ವರ್ಷ ನಿಮ್ಮೂರ ಕಡೆ ಹೋದಾಗಲೆಲ್ಲ ಅದನ್ನು ನೋಡಿಕೊಂಡೂ ನಾನು...

ಹೋದ ವಾರ ಬ್ಲೇಡ್ ಹಾಕಿಸಲು ಇಬ್ಬರೂ ಬಂದಿರಿ. ನೀನು ಮೆಷಿನ್ ಮುಟ್ಟದೆ ಮೆಟ್ಟಿಲ ಕೆಳಗೇ ನಿಂತು ಹೇಳಿದೆ:

“ಅಣ್ಣ, ಆಯಿಲ್ ಒಸಿ ನೋಡ್ಬುಡಿ. ಆವತ್ತು ನಾನೇ ಮರ್ತಿದ್ದೆ ಅಂತ ಕಾಣ್ತದೆ.”

ಶಿವಣ್ಣ ಪಕ್ಕದಲ್ಲೇ ಇದ್ದ. ನಾನು ಮುಚ್ಚಳ ತೆಗೆದು ನೋಡಿ “ಸರಿ ಐತೆ” ಎಂದೆ.