ಒಬ್ಬ ತಾಯಿ ಕೇಳ್ತಾವ್ಳೆ

ಅಕ್ಕ ಫೋನನ್ನು ಬೆರಳ ತುದಿಯಿಂದ ಮುಟ್ಟುತ್ತಲೇ ಇರಲಿಲ್ಲ. ಬಲಗೈ ತೋರುಬೆರಳನ್ನು ಮಡಚಿ, ಬಾಗಿಲು ತಟ್ಟುವವರ ಹಾಗೆ ಗೆಣ್ಣಿನಿಂದ ಒತ್ತುತ್ತಿದ್ದರು. ತುದಿಗಳಲ್ಲಿ ಯಾವಾಗಲೂ ಏನಾದರೊಂದು ಮೆತ್ತಿಕೊಂಡಿರುತ್ತಿತ್ತು: ರಾಗಿ ಹಿಟ್ಟು, ಹುಣಸೆ ರಸ, ಚಳಿಗಾಲವಾದರೆ ಅವರೆಕಾಯಿಯ ಜಿಡ್ಡು. ಗೆಣ್ಣಿನ ಮೇಲೆ ಹುರುಳಿಕಾಳಿನಷ್ಟು ಹಳೆಯ ಸುಟ್ಟ ಕಲೆಯೊಂದು ನುಣ್ಣಗೆ ಹೊಳೆಯುತ್ತಿತ್ತು. ಆ ಕಲೆಯನ್ನೇ ಗಾಜಿಗೆ ಒತ್ತಿ ಹಿಡಿದು, ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ಇನ್ನೂರು ಚಿಲ್ಲರೆ ತಾಯಂದಿರನ್ನು ಒಟ್ಟಿಗೆ ಕೇಳುತ್ತಿದ್ದರು: "ಏನ್ರವ್ವಾ, ತಿಂಡಿ ಆಯ್ತಾ?"

ನಮ್ಮ ಗ್ರೂಪಿನ ಹೆಸರು ಅಮ್ಮಂದಿರ ಕಟ್ಟೆ. ಅಕ್ಕ ಅದರ ಅಡ್ಮಿನ್. ಎಂಟು ಗಂಟೆಯ ಪ್ರಶ್ನೆಗೆ ಎಲ್ಲರೂ "ಆಯ್ತು ಅಕ್ಕಾ" ಎನ್ನಬೇಕು. ಹೊಸದಾಗಿ ಹೆತ್ತವರು, ಮನೆಯಲ್ಲಿ ಕಷ್ಟವಿರುವವರು ಉತ್ತರ ಕೊಡದಿದ್ದರೆ ಒಂಬತ್ತಕ್ಕೆ ಅಕ್ಕನ ಫೋನು ಬಂದೇ ಬರುತ್ತಿತ್ತು. "ಯಾಕವ್ವ, ತಿಂದಿಲ್ವಾ? ಮಗೀಗೆ ಆಲು ಎಲ್ಲಿಂದ ಬರ್ತದೆ, ಗಾಳಿಯಿಂದಾನಾ?" ನಾನು ಒಲೆಯ ಮುಂದೆ ನಿಂತು, ಮಗನನ್ನು ಕಂಕುಳಲ್ಲಿ ಇಟ್ಟುಕೊಂಡೇ ಗಟ್ಟಿಯಾಗಿ "ಆಯ್ತು ಅಕ್ಕಾ" ಎಂದು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಎಷ್ಟೋ ದಿನ ಅದು ಶುದ್ಧ ಸುಳ್ಳು. ಕಳಿಸಿದ ಮೇಲೆ ನಾಚಿಕೆಯಾಗಿ ಏನಾದರೂ ತಿನ್ನುತ್ತಿದ್ದೆ.

ಅವರು ನನಗೆ ಸಿಕ್ಕಿದ್ದು ಯಲಹಂಕದ ಒಂದು ಕ್ಲಿನಿಕ್ಕಿನಲ್ಲಿ. ಮಗನಿಗೆ ಒಂಬತ್ತು ತಿಂಗಳ ಲಸಿಕೆ ಹಾಕಿಸಿ ಬೆಂಚಿನ ಮೇಲೆ ಕೂತಿದ್ದೆ. ಅವನು ಕಿರುಚುತ್ತಿದ್ದ, ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಪಕ್ಕದಲ್ಲಿ ಮೊಮ್ಮಗಳನ್ನು ಎತ್ತಿಕೊಂಡಿದ್ದ ಐವತ್ತು ದಾಟಿದ ಹೆಂಗಸು ನನ್ನನ್ನೇ ನೋಡಿ, "ಅವ್ನೇನೋ ಸೂಜಿ ಚುಚ್ಚವ್ರೆ ಅಂತ ಅಳ್ತಾವ್ನೆ. ನಿಂಗ್ಯಾರು ಚುಚ್ಚಿದ್ರವ್ವ?" ಎಂದರು. ಅಳುತ್ತಿದ್ದವಳಿಗೆ ನಗು ಬಂತು. ಮನೆಗೆ ಬರುವಷ್ಟರಲ್ಲಿ ಕಟ್ಟೆಗೆ ಸೇರಿಸಿಬಿಟ್ಟಿದ್ದರು.

ಕೊಡಿಗೇಹಳ್ಳಿಯ ಹಳೇ ಕುಳ ಅವರದು. ಸುತ್ತ ನಾಲ್ಕಂತಸ್ತಿನ ಕಟ್ಟಡಗಳೆದ್ದರೂ ಇವರ ಹೆಂಚಿನ ಮನೆ, ಮನೆಯ ಮುಂದಿನ ಜಗಲಿ ಹಾಗೇ ಇದ್ದವು. ಇಬ್ಬರು ಹೆಣ್ಣುಮಕ್ಕಳ ಮದುವೆಯಾದ ಮೇಲೆ ಕೈ ಖಾಲಿಯಾಯಿತಂತೆ. ಊರವರ ಮಕ್ಕಳನ್ನೆಲ್ಲ ಫೋನಿನಲ್ಲೇ ಸಾಕಲು ಶುರು ಮಾಡಿದರು. ಹೆಬ್ಬಾಳದಲ್ಲಿ ಯಾರಿಗೋ ಜ್ವರವೆಂದು ಗೊತ್ತಾದರೆ, "ಎಬ್ಬಾಳದ ಕಡೆ ಯಾರಿದ್ದೀರಾ? ಒಂದು ಡಬ್ಬಿ ಮೆಣಸಿನ ಸಾರು ಓಗ್ಬೇಕು" ಎಂದು ಅಪ್ಪಣೆ ಹೊರಡುತ್ತಿತ್ತು. ಅರ್ಧ ಗಂಟೆಯಲ್ಲಿ ಮೂರು ಡಬ್ಬಿ ಹೋಗುತ್ತಿದ್ದವು. ಉಳಿದ ಹೊತ್ತೆಲ್ಲ ಹರಟೆ. ಹೇನಿಗೆ ಏನು ಹಚ್ಚಬೇಕು, ಬಸ್ಸಾರಿಗೆ ಯಾವ ಸೊಪ್ಪು, ಗಂಡನ ಗೊರಕೆ, ಅತ್ತೆಯ ಉಪವಾಸ. ಮನೆಯಲ್ಲಿ ದಿನವಿಡೀ ಮಾತು ಬಾರದ ಮಗುವಿನೊಡನೆ ಇರುತ್ತಿದ್ದ ನನಗೆ ಆ ಹರಟೆಯೇ ಉಸಿರಾಗಿತ್ತು.

ಕಟ್ಟೆಯಲ್ಲಿ ಒಂದು ಪದ್ಧತಿ ಇತ್ತು. ಎಲ್ಲರೆದುರು ಕೇಳಲಾಗದ್ದನ್ನು ಅಕ್ಕನಿಗೆ ಪ್ರತ್ಯೇಕವಾಗಿ ಹೇಳಬೇಕು. ಅವರು ಅದನ್ನು ತಮ್ಮ ದನಿಯಲ್ಲೇ ಗ್ರೂಪಿಗೆ ಹಾಕುತ್ತಿದ್ದರು: "ಒಬ್ಬ ತಾಯಿ ಕೇಳ್ತಾವ್ಳೆ ಕಣ್ರವ್ವಾ..." ಹೆಸರಿಲ್ಲ, ಊರಿಲ್ಲ. ಇದ್ದರೂ ಅದು ಸುಳ್ಳೂರು. "ಎಣ್ಣು ಮಗೀನ ಗಂಡು ಮಾಡ್ತೀನಿ, ಪುಟ್ಟೇನಹಳ್ಳೀನ ಮತ್ತಿಕೆರೆ ಮಾಡ್ತೀನಿ. ಬ್ರಹ್ಮಂಗೂ ಗೊತ್ತಾಗಲ್ಲ" ಎಂದು ನಗುತ್ತಿದ್ದರು. ಆ ಪದ್ಧತಿಯನ್ನು ನಂಬಿ ಹೆಂಗಸರು ಏನೆಲ್ಲ ಕೇಳಿದ್ದಾರೆ! ಅಕ್ಕನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಹಾಗೆ ಬರೆಯದಿರುವುದನ್ನು ಕಲಿಸಿದವರೂ ಅವರೇ.

ಶುಕ್ರವಾರ ಯಲಹಂಕದ ಕಡೆ ಸಂತೆಗೆ ಬಂದರೆ ಪುಟ್ಟೇನಹಳ್ಳಿಯ ನಮ್ಮ ಮನೆಗೂ ಬರುತ್ತಿದ್ದರು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಗ್ರೂಪಿಗೆ ಮಾತಾಡುತ್ತಿದ್ದರು. ಯಾರು ಕರೆದರೂ ತಿರುಗದ ಹುಡುಗ ಅವರ ಮಡಚಿದ ಬೆರಳನ್ನೇ ನೋಡುತ್ತ ಕೂರುತ್ತಿದ್ದ. ಅವರು ಹೋದ ಮೇಲೆ ನನ್ನ ಫೋನು ಕಿತ್ತುಕೊಂಡು, ತಾನೂ ಗೆಣ್ಣಿನಿಂದ ಒತ್ತಿ, ಅವರ ಹಳೇ ಮಾತುಗಳನ್ನು ಒಂದೊಂದಾಗಿ ಕೇಳುತ್ತಿದ್ದ. "ಏನ್ರವ್ವಾ, ತಿಂಡಿ ಆಯ್ತಾ?" ಹತ್ತು ಸಲ, ಇಪ್ಪತ್ತು ಸಲ. ತಾನು ಮಾತ್ರ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಮೂರು ವರ್ಷ ತುಂಬಿದರೂ ಅಮ್ಮ ಎನ್ನಲಿಲ್ಲ. ಅತ್ತೆ "ಗಂಡುಮಕ್ಕಳಿಗೆ ಮಾತು ನಿಧಾನ, ಇವರಪ್ಪನೂ ಹಾಗೇ" ಎನ್ನುತ್ತಿದ್ದರು. ಗಂಡ "ನೀನು ಸುಮ್ನೆ ಟೆನ್ಷನ್ ಮಾಡ್ಕೋತೀಯ" ಎನ್ನುತ್ತಿದ್ದರು. ಕೊನೆಗೆ ಅಕ್ಕನಿಗೆ ಹೇಳಿದೆ. ಮತ್ತಿಕೆರೆಯ ತಾಯಿಯೊಬ್ಬಳ ಮಗಳ ಹೆಸರಿನಲ್ಲಿ ನನ್ನ ಪ್ರಶ್ನೆ ಕಟ್ಟೆಗೆ ಹೋಯಿತು. ಅದೇ ದಿನ ಸಂಜೆಯೊಳಗೆ ಆರ್.ಟಿ. ನಗರದ ಒಬ್ಬ ಸ್ಪೀಚ್ ಥೆರಪಿಸ್ಟ್ ಹೆಸರು ಸಿಕ್ಕಿತು. ವಾರಕ್ಕೆರಡು ದಿನ, ಪಾರ್ಕಿಗೆ ಎಂದು ಮನೆಯಲ್ಲಿ ಹೇಳಿ, ಮಗನನ್ನು ಅಲ್ಲಿಗೆ ಕರೆದೊಯ್ಯತೊಡಗಿದೆ.

"ಅಕ್ಕ, ಇದು ನಿಮಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ರಿಪೋರ್ಟ್ ಕೈಗೆ ಬರಲಿ, ಮನೇಲಿ ನಾನೇ ಹೇಳ್ತೀನಿ" ಎಂದಿದ್ದೆ.

"ನನ್ನ ಒಟ್ಟೇಲಿ ಆಕ್ದೆ ಅಂತ ತಿಳ್ಕೊ. ಅಲ್ಲಿಂದ ಆಚೆ ಬರಲ್ಲ" ಎಂದರು.

ಅಷ್ಟರಲ್ಲಿ ನರ್ಸರಿ ಅಡ್ಮಿಷನ್ ಬಂತು. ನಾನೂ ಗಂಡನೂ ನೋಡಿಟ್ಟಿದ್ದ ಶಾಲೆಯ ಹೆಡ್‌ಮಿಸ್ ಅಕ್ಕನ ಓರಗಿತ್ತಿಯ ಮಗಳು. ನಮ್ಮವರೇ ಎಂಬ ಧೈರ್ಯ ನನಗೆ. ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೂವರೂ ಹೋದೆವು. ಆಕೆ ಅವನನ್ನು ಒಂದು ಮಾತೂ ಕೇಳಲಿಲ್ಲ. ಅವನು ಮೂಲೆಯ ಬೀರುವಿನ ಬಾಗಿಲನ್ನು ತೆಗೆದು ಹಾಕಿ ಆಡುತ್ತಿದ್ದ.

"ದೊಡ್ಡಮ್ಮ ಎಲ್ಲಾ ಹೇಳಿದ್ದಾರೆ" ಎಂದರು ಆಕೆ, ಬಹಳ ಮೆಲ್ಲಗೆ. "ಆರ್.ಟಿ. ನಗರದಲ್ಲಿ ಥೆರಪಿ ನಡೀತಿದೆಯಂತಲ್ಲ? ಪಾಪ, ಮಗೂನ ಜೋಪಾನವಾಗಿ ನೋಡ್ಕೊ ಅಂತಾನೇ ಹೇಳಿದ್ದು ಅವರು. ಆದ್ರೆ ನಮ್ಮಲ್ಲಿ ಅಂಥ ಟೀಚರ್ಸ್ ಇಲ್ಲ. ಮಾತು ಬಂದ್ಮೇಲೆ ಕರ್ಕೊಂಡ್ಬನ್ನಿ."

ನನ್ನ ಗಂಡ ನನ್ನ ಕಡೆ ತಿರುಗಿದರು. "ಯಾವ ಥೆರಪಿ?"

ಮನೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಅವರು, "ಊರಲ್ಲೆಲ್ಲ ಗೊತ್ತು, ನನಗೆ ಗೊತ್ತಿಲ್ಲ. ಹಾಗಾದ್ರೆ ಇವನಿಗೆ ನಾನ್ಯಾರು?" ಎಂದರು. ಅತ್ತೆ ಎರಡು ದಿನ ನನ್ನ ಕೈಯ ಊಟ ಮುಟ್ಟಲಿಲ್ಲ. ಮುಚ್ಚಿಟ್ಟ ತಪ್ಪು ನನ್ನದೇ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಬಿಚ್ಚುವ ಹಕ್ಕೂ ನನ್ನದೇ ಆಗಿತ್ತಲ್ಲ?

ಮರುದಿನವೇ ಕೊಡಿಗೇಹಳ್ಳಿಗೆ ಹೋದೆ. ಅಕ್ಕ ಜಗಲಿಯ ಮೇಲೆ ನೆನೆಸಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದರು. ನಾನು ನಿಂತೇ ಕೇಳಿದೆ.

"ನಾನ್ಯಾಕವ್ವ ಯೇಳ್ಲಿ? ನಾನು ಬಾಯೇ ಬಿಟ್ಟಿಲ್ಲ. ಅವ್ಳೇ ಮಗೀನ ನೋಡಿ ಕಂಡ್ಕೊಂಡಿರ್ಬೇಕು."

"ಅವರು ಮಗೂನ ಮಾತಾಡಿಸೋ ಮುಂಚೇನೇ ಹೇಳಿದ್ರು ಅಕ್ಕ. ಆರ್.ಟಿ. ನಗರ ಅಂದ್ರು. ನೀವೇ ಹೇಳಿದ್ದು ಅಂತಾನೂ ಅಂದ್ರು."

ಅಕ್ಕ ತಲೆ ಎತ್ತಲಿಲ್ಲ. ಬೆರಳುಗಳ ನಡುವೆ ಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರಿ ತಟ್ಟೆಗೆ ಬಿತ್ತು. ಇನ್ನೊಂದು ಹಾರಿತು. "ಕಾಪಿ ಕುಡೀತೀಯಾ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಯೇಳ್ಬಿಟ್ಟೆ ಕಣವ್ವ, ತಡ್ಕೊಳ್ಳೋಕಾಗ್ಲಿಲ್ಲ" ಎಂದಿದ್ದರೆ ಅಲ್ಲೇ ಅವರ ಮಡಿಲಲ್ಲಿ ಬಿದ್ದು ಅತ್ತು, ಹಿತುಕಿದ ಬೇಳೆಯ ಸಾರು ಉಂಡು ಬರುತ್ತಿದ್ದೆ. ನನಗೆ ಅವರು ಗೊತ್ತಿರಲಿಲ್ಲವೇ? ಕಷ್ಟ ಕಂಡರೆ ಯಾರಿಗಾದರೂ ಹಂಚದೆ ಇರಲಾಗದ ಜೀವ. ಮೆಣಸಿನ ಸಾರಿನ ಡಬ್ಬಿ ಕಳಿಸಿದಂತೆಯೇ ನನ್ನ ಗುಟ್ಟನ್ನೂ ಕಳಿಸಿದ್ದರು. ಒಳ್ಳೆಯದಾಗಲಿ ಎಂದೇ ಕಳಿಸಿದ್ದರು. ಆದರೆ ನನ್ನ ಮುಖದೆದುರು ಇಲ್ಲ ಎಂದರಲ್ಲ! ಮನೆಯವರನ್ನೆಲ್ಲ ಬಿಟ್ಟು ಇವರೊಬ್ಬರನ್ನು ನಂಬಿದ್ದೆನಲ್ಲ! ಕಾಫಿ ಕುಡಿಯದೆ ಬಂದೆ.

ಕಟ್ಟೆಯನ್ನು ಬಿಡಲಿಲ್ಲ. ಮ್ಯೂಟ್ ಮಾಡಿದೆ. ಎಂಟು ಗಂಟೆಗೆ ಉತ್ತರ ಕೊಡುವುದನ್ನು ನಿಲ್ಲಿಸಿದೆ. ಮೊದಲ ವಾರ ಒಂಬತ್ತಕ್ಕೆ ಅವರ ಫೋನು ಬರುತ್ತಿತ್ತು, ನಾನು ಎತ್ತಲಿಲ್ಲ. ಆಮೇಲೆ ಅದೂ ನಿಂತಿತು. ಮಗ ಮಾತ್ರ ಹಳೇ ಮಾತುಗಳನ್ನು ಗೆಣ್ಣಿನಿಂದ ಒತ್ತಿ ಒತ್ತಿ ಕೇಳುತ್ತಿದ್ದ. ಫೋನು ಕಿತ್ತುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ಹಾಳಾಗಿ ಹೋಗಲಿ ಎಂದು ಕೊಡುತ್ತಿದ್ದೆ. ಥೆರಪಿಗೆ ಈಗ ಬಚ್ಚಿಟ್ಟುಕೊಂಡು ಹೋಗಬೇಕಿರಲಿಲ್ಲ. ಶನಿವಾರದ ಪಾಳಿ ಅವನಪ್ಪನದೇ ಆಯಿತು.

ಮಗನಿಗೆ ನಾಲ್ಕು ವರ್ಷ ತುಂಬಿದ ಮೇಲಿನ ಒಂದು ಬೆಳಿಗ್ಗೆ. ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟಿದ್ದೆ. ಹಿಂದಿನಿಂದ ಯಾರೋ ಬಾಗಿಲಿನ ಚೌಕಟ್ಟು ತಟ್ಟಿದ ಸದ್ದಾಯಿತು. ತಿರುಗಿದರೆ ಮಗ, ಬೆರಳು ಮಡಚಿಕೊಂಡು ನಿಂತಿದ್ದ.

"ಏನ್ರವ್ವಾ, ತಿಂಡಿ ಆಯ್ತಾ?"

ಅಕ್ಷರ ಅಕ್ಷರವೂ ಅಕ್ಕನದೇ. ಆ ಎಳೆತ, ಕೊನೆಯಲ್ಲಿ ದನಿ ಏರಿಸುವ ರೀತಿ. ಒಗ್ಗರಣೆ ಸೀದು ಮನೆಯೆಲ್ಲ ಘಾಟು ತುಂಬಿತು. ಅತ್ತೆ ಓಡಿ ಬಂದರು, ಮೊಮ್ಮಗನನ್ನು ತಬ್ಬಿಕೊಂಡು "ಆಯ್ತು ಕಂದಾ, ಆಯ್ತು ನನ್ನಪ್ಪಾ" ಎಂದು ಅತ್ತರು. ಅವನು ಅಲ್ಲವೆಂಬಂತೆ ತಲೆಯಾಡಿಸಿದ. ಮತ್ತೆ ಕೇಳಿದ, ನನ್ನನ್ನೇ ನೋಡುತ್ತ. ಅವನಿಗೆ ಯಾವ ಉತ್ತರ ಬೇಕಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬರಲಿಲ್ಲ. "ಆಯ್ತು ಪುಟ್ಟಾ" ಎಂದೆ. ಅವನು ಮುಖ ಸಣ್ಣಗೆ ಮಾಡಿಕೊಂಡು ಹೋದ.

ಅಕ್ಕನಿಗೆ ಹೇಳಬೇಕೆಂದು ಫೋನು ಕೈಗೆತ್ತಿಕೊಂಡಿದ್ದೆ. ಕೆಳಗಿಟ್ಟೆ. ಬೇಕಂತಲೇ ಇಟ್ಟೆ. ನನ್ನ ಮಗನ ಮೌನವನ್ನು ಹಂಚಿದವರಿಗೆ ಅವನ ಮಾತಿನಲ್ಲಿ ಪಾಲು ಯಾಕೆ ಎನ್ನಿಸಿತು.

ಅದಾಗಿ ತಿಂಗಳಿರಬಹುದು. ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಗ್ರೂಪು ತೆರೆದರೆ ಅಕ್ಕನ ದನಿ: "ಒಬ್ಬ ತಾಯಿ ಕೇಳ್ತಾವ್ಳೆ ಕಣ್ರವ್ವಾ. ಮತ್ತಿಕೆರೆಯವ್ಳು. ತಂಗಿಯಂಥವಳ ಒಂದು ಗುಟ್ಟ ಇನ್ನೊಬ್ರಿಗೆ ಯೇಳ್ಬಿಟ್ಟವ್ಳೆ. ಕೇಳಕ್ಕೆ ಬಂದಾಗ ಇಲ್ಲ ಅಂತ ಸುಳ್ಳಾಡವ್ಳೆ. ಈಗ ಅವ್ಳ ಮನೆ ಕಡೆ ತಲೆ ಆಕೋಕೂ ಮುಖ ಇಲ್ಲ. ಏನ್ ಮಾಡ್ಬೇಕು, ಯೇಳಿ."

ಗ್ರೂಪು ತುಂಬಿ ಹರಿಯಿತು. ಒಬ್ಬಳು ಕಾಲ ಎಲ್ಲ ಸರಿಮಾಡುತ್ತದೆ ಎಂದಳು, ಇನ್ನೊಬ್ಬಳು ಹೂವು ಹಣ್ಣು ತಗೊಂಡು ಹೋಗಲಿ ಎಂದಳು. ಅದು ಯಾರ ಪ್ರಶ್ನೆ ಎಂದು ಯಾರಿಗೂ ಹೊಳೆಯಲಿಲ್ಲ. ಅಕ್ಕನ ದನಿಯಲ್ಲಿ ಬರುವುದೆಲ್ಲ ಬೇರೆಯವರ ದುಃಖ ಎಂದೇ ಎಲ್ಲರಿಗೂ ರೂಢಿಯಾಗಿತ್ತು. ತಪ್ಪೊಪ್ಪಿಕೊಳ್ಳುವಾಗಲೂ ಮತ್ತಿಕೆರೆಯ ಸೆರಗಿನ ಹಿಂದೆ ಅಡಗಬೇಕೇ? ತಿಂಗಳುಗಟ್ಟಲೆ ಏನೂ ಬರೆಯದವಳು ಅಂದು ಬರೆದೆ: "ಹೆಸರು ಹೇಳಿ ಕೇಳಲಿ."

ತುಸು ಹೊತ್ತಿನ ಮೇಲೆ ಅಕ್ಕನ ದನಿ ಬಂತು. "ಆಯ್ತು ಕಣ್ರವ್ವಾ. ಆ ತಾಯಿಗೆ ಯೇಳ್ತೀನಿ." ಅಷ್ಟೇ.

ಆ ಶುಕ್ರವಾರ ಕಾದೆ. ಮುಂದಿನ ಶುಕ್ರವಾರವೂ ಕಾದೆ. ಬಾಗಿಲು ತಟ್ಟಿದರೆ ಬೈಯಬೇಕೆಂದು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಕಾಫಿ ಪುಡಿಯನ್ನೂ ತಂದಿಟ್ಟಿದ್ದೆ. ಅವರು ಬರಲಿಲ್ಲ.

ಮೂರನೆಯ ವಾರ ಒಂದು ದಿನ ಎಂಟು ಗಂಟೆಯ ಪ್ರಶ್ನೆ ಬರಲಿಲ್ಲ. ಹನ್ನೊಂದಕ್ಕೆ ಆ ನಂಬರಿನಿಂದ ಟೈಪ್ ಮಾಡಿದ ಅಕ್ಷರಗಳು ಬಂದವು. ಅಕ್ಕ ಎಂದೂ ಟೈಪ್ ಮಾಡಿದವರಲ್ಲ. ಹಿರಿಯ ಮಗಳು ಬರೆದಿದ್ದಳು: ಅಮ್ಮ ಬೆಳಗಿನ ಜಾವ ಹೃದಯಾಘಾತದಿಂದ ಹೋಗಿಬಿಟ್ಟರು.

ಜಗಲಿಯ ತುಂಬ ಹೆಂಗಸರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. "ನೀವು ಅವಳಿ ಮಕ್ಕಳ ಅಮ್ಮ ಅಲ್ವಾ?" "ನೀವು ಹಸುಗೂಸಿನ ಫೋಟೊದೋರು ಅಲ್ವಾ?" ಎಂದು ಪಿಸುಗುಟ್ಟಿ ಗುರುತು ಹಿಡಿದು, ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನು ಮಗನನ್ನು ಕರೆದುಕೊಂಡು ಹೋಗಿರಲಿಲ್ಲ. ಅಲ್ಲಿ ಬಾಯಿ ತೆರೆದರೆ ಅವನು ಏನನ್ನುತ್ತಾನೆಂದು ನನಗೆ ಗೊತ್ತಿತ್ತು. ಅಕ್ಕನ ಬಲಗೈಯನ್ನು ಎದೆಯ ಮೇಲೆ ಇರಿಸಿದ್ದರು. ಬೆರಳುಗಳು ನೀಟಾಗಿ ಚಾಚಿದ್ದವು, ಎಲ್ಲವನ್ನೂ ತೊಳೆದು ಒರೆಸಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಹೆಸರು ಹೇಳಲು ಇನ್ನೆರಡು ಶುಕ್ರವಾರ ತಡೆಯಬಾರದಿತ್ತೇ? ಆ ಸಿಟ್ಟು ಇಂದಿಗೂ ಹೋಗಿಲ್ಲ. ಮಗ ಮಾತಾಡಿದನೆಂದು ನಾನು ಹೇಳಲೇ ಇಲ್ಲ. ಅದೂ ಹೋಗಿಲ್ಲ.

ಮರುದಿನ ಬೆಳಿಗ್ಗೆ ಮಗ ಅಡುಗೆಮನೆಯ ಚೌಕಟ್ಟನ್ನು ಗೆಣ್ಣಿನಿಂದ ತಟ್ಟಿದ.

"ಏನ್ರವ್ವಾ, ತಿಂಡಿ ಆಯ್ತಾ?"

"ಆಯ್ತು ಪುಟ್ಟಾ" ಎಂದೆ. ಅವನು ಕದಲಲಿಲ್ಲ. ಮತ್ತೆ ಕೇಳಿದ. "ಆಯ್ತಪ್ಪಾ" ಎಂದೆ. ಮತ್ತೆ ಕೇಳಿದ. ನಾನು ಒಲೆ ಆರಿಸಿದೆ. ಅವನ ಎತ್ತರಕ್ಕೆ ನೆಲದ ಮೇಲೆ ಕೂತೆ.

"ಆಯ್ತು ಅಕ್ಕಾ" ಎಂದೆ.

ಅವನು ನಕ್ಕು ಒಳಗೆ ಓಡಿದ. ಈಗ ಬೇರೊಂದು ಶಾಲೆಗೆ ಹೋಗುತ್ತಾನೆ, ಸಾಕು ಸುಮ್ಮನಿರೋ ಎನ್ನುವಷ್ಟು ಮಾತಾಡುತ್ತಾನೆ. ಆದರೂ ಬೆಳಿಗ್ಗೆ ಆ ಉತ್ತರ ಸಿಗದೆ ಬೂಟು ಹಾಕಿಸಿಕೊಳ್ಳುವುದಿಲ್ಲ. ದಿನಕ್ಕೊಂದು ಸಲ, ನಾನು ತಿಂದಿರಲಿ ಬಿಡಲಿ, ಹೇಳಲೇಬೇಕು.